ಒಂದು ದೇಶ ಲಸಿಕೆ ಹೇಗೆ ಕೊಳ್ಳುತ್ತದೆ? ಪರಿಶೀಲನೆಗೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದೇಶವೊಂದರ ಲಸಿಕೆ ಖರೀದಿ ವ್ಯವಸ್ಥೆಯನ್ನು ಪರಿಶೀಲಿಸುವ ತಂಡಗಳಿಗೆ ಈಗ ನಮ್ಮ ಕಡೆಯವರೂ ಸೇರುತ್ತಿದ್ದಾರೆ. ಫಾರ್ಮಸಿಸ್ಟ್‌ಗಳು, ಸಾರ್ವಜನಿಕ ಆರೋಗ್ಯ ಓದಿದವರು, ಸರ್ಕಾರಿ ಖರೀದಿ ವಿಭಾಗದಲ್ಲಿ ವರ್ಷಗಟ್ಟಲೆ ಫೈಲ್ ನೋಡಿದವರು ಅವರಲ್ಲಿದ್ದಾರೆ. ಹೊರಡುವ ಮುಂಚೆ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಹೆಚ್ಚಿನ ಉದಾಹರಣೆಗಳನ್ನು ಪಶ್ಚಿಮ ಆಫ್ರಿಕಾದ ಘಾನಾದಿಂದ ತೆಗೆದುಕೊಂಡಿದ್ದೇನೆ. ಅಲ್ಲಿ 2023ರಲ್ಲಿ ಆಗಿದ್ದನ್ನು ಅರ್ಥ ಮಾಡಿಕೊಂಡರೆ ಉಳಿದ ದೇಶಗಳೂ ಅರ್ಥವಾಗುತ್ತವೆ.

ಲಸಿಕೆ ಖರೀದಿ ಅಂದರೆ ಟೆಂಡರ್ ಕರೆಯುವುದು ತಾನೇ?

ಅಲ್ಲ. ಟೆಂಡರ್ ಬರುವುದು ನಡುವಿನಲ್ಲಿ. ಕೆಲವು ದೇಶಗಳಲ್ಲಿ ಟೆಂಡರೇ ಇರುವುದಿಲ್ಲ.

ಮೊದಲು ಯಾವ ಲಸಿಕೆ ಬೇಕು ಎಂದು ತೀರ್ಮಾನ ಆಗಬೇಕು. ಇದಕ್ಕೆ ಹೆಚ್ಚಿನ ದೇಶಗಳಲ್ಲಿ ತಜ್ಞರ ಒಂದು ಸಲಹಾ ಸಮಿತಿ ಇರುತ್ತದೆ. ಭಾರತದಲ್ಲಿ ಅದು 2001ರಲ್ಲಿ ಶುರುವಾದ ಎನ್‌ಟಿಎಜಿಐ. ಆಮೇಲೆ ಎಷ್ಟು ಡೋಸ್ ಬೇಕು ಎಂಬ ಲೆಕ್ಕ. ಆಮೇಲೆ ಬಜೆಟ್, ಅದರ ಮಂಜೂರಾತಿ, ಹಣದ ಬಿಡುಗಡೆ. ಇಷ್ಟಾದ ಮೇಲೆ ಆರ್ಡರ್. ನಂತರ ಆಮದು ಪರವಾನಗಿ, ವಿಮಾನ, ಕಸ್ಟಮ್ಸ್, ಪ್ರತಿ ಬ್ಯಾಚ್ ನೋಡಿ ಬಳಕೆಗೆ ಬಿಡುವುದು, ಉಗ್ರಾಣ, ಪಾವತಿ. ಇದರಲ್ಲಿ ಯಾವ ಕೊಂಡಿ ಸಡಿಲವಾದರೂ ಕೊನೆಗೆ ಕಾಣುವುದು ಒಂದೇ ದೃಶ್ಯ: ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ನರ್ಸ್ "ಇವತ್ತು ಸ್ಟಾಕ್ ಇಲ್ಲಮ್ಮ, ಮುಂದಿನ ವಾರ ಬನ್ನಿ" ಎನ್ನುವುದು.

ಇಂಥ ಪರಿಶೀಲನೆ ಯಾವಾಗ ಬೇಕಾಗುತ್ತದೆ?

ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ. ಲಸಿಕೆ ಖಾಲಿಯಾಗಿ ದೇಶ ಬೆಚ್ಚಿಬಿದ್ದಾಗ. ದುಬಾರಿ ಹೊಸ ಲಸಿಕೆಯೊಂದನ್ನು ಕಾರ್ಯಕ್ರಮಕ್ಕೆ ಸೇರಿಸುವಾಗ. ಹೊರಗಿನ ನೆರವು ನಿಲ್ಲುವ ಹೊತ್ತು ಹತ್ತಿರ ಬಂದಾಗ.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಡ ದೇಶಗಳಿಗೆ ಲಸಿಕೆ ಕೊಡಿಸಲು 2000ರಲ್ಲಿ ಗಾವಿ ಎಂಬ ಒಕ್ಕೂಟ ಹುಟ್ಟಿತು. ತೀರಾ ಕಡಿಮೆ ಆದಾಯದ ದೇಶಗಳು ಗಾವಿ ನೆರವಿನ ಲಸಿಕೆಗೆ ಡೋಸಿಗೆ 20 ಸೆಂಟ್‌ನಷ್ಟು ತಮ್ಮ ಪಾಲು ಕೊಟ್ಟರೆ ಸಾಕು. ತಲಾ ಆದಾಯ ಏರಿದ ಹಾಗೆ ಆ ಪಾಲೂ ಏರುತ್ತದೆ. ಒಂದು ಮಟ್ಟ ದಾಟಿದ ಮೇಲೆ ದೇಶವೇ ಪೂರ್ತಿ ಖರ್ಚು ಹೊರಬೇಕು. ಶ್ರೀಲಂಕಾ, ಭೂತಾನ್, ಇಂಡೋನೇಷ್ಯಾ ಈ ದಾರಿಯಲ್ಲಿ ನಡೆದು ಹೊರಬಂದಿವೆ. ಘಾನಾ ಇನ್ನೂ ನಡೆಯುತ್ತಿದೆ. ಇಷ್ಟು ವರ್ಷ ಬೇರೆಯವರು ಮಾಡಿಕೊಡುತ್ತಿದ್ದ ಕೆಲಸವನ್ನು ದೇಶ ತಾನೇ ಮಾಡಬಲ್ಲದಾ ಎಂದು ಮೊದಲೇ ನೋಡಬೇಕು. ಕೊನೆಯ ವರ್ಷದಲ್ಲಿ ನೋಡಿದರೆ ಪ್ರಯೋಜನ ಕಡಿಮೆ. ಕಾನೂನು ತಿದ್ದಲು, ಜನರನ್ನು ತಯಾರು ಮಾಡಲು ಮೂರು ನಾಲ್ಕು ವರ್ಷ ಬೇಕೇ ಬೇಕು.

ಇದು ಆಡಿಟ್ ಥರವಾ?

ಅಲ್ಲ. ಇದನ್ನು ಮೊದಲ ದಿನವೇ, ಮೊದಲ ಸಭೆಯಲ್ಲೇ ಹೇಳಿಬಿಡಿ. ಆಡಿಟ್ ಬಂದವರು ತಪ್ಪು ಯಾರದು ಎಂದು ಹುಡುಕುತ್ತಾರೆ. ನೀವು ಹುಡುಕುವುದು ತಡ ಎಲ್ಲಿ ಆಗುತ್ತದೆ, ಯಾಕೆ ಆಗುತ್ತದೆ ಎಂದು. ಈ ವ್ಯತ್ಯಾಸ ತಿಳಿಯದಿದ್ದರೆ ಅಧಿಕಾರಿಗಳು ನಿಮಗೆ ನಿಯಮದ ಪುಸ್ತಕ ತೋರಿಸುತ್ತಾರೆ, ಫೈಲ್ ತೋರಿಸುವುದಿಲ್ಲ. ಅವರನ್ನು ದೂರಬೇಡಿ. ಅವರ ಜಾಗದಲ್ಲಿ ನಾವಿದ್ದರೂ ಹಾಗೇ ಮಾಡುತ್ತಿದ್ದೆವು.

ಯೋಜನೆ ಎಲ್ಲಿಂದ ಶುರು ಮಾಡಬೇಕು?

ಒಂದು ಪ್ರಶ್ನೆಯಿಂದ. ಈ ಪರಿಶೀಲನೆ ಮುಗಿದ ಮೇಲೆ ಯಾರು, ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ?

ಇದಕ್ಕೆ ಉತ್ತರ ಸಿಗದಿದ್ದರೆ ಪ್ರವಾಸ ಮುಂದಕ್ಕೆ ಹಾಕಿ. ನಿಜವಾಗಿ ಹೇಳುತ್ತಿದ್ದೇನೆ. "ವ್ಯವಸ್ಥೆಯನ್ನು ಬಲಪಡಿಸುವುದು" ಎಂಬುದು ಉತ್ತರವಲ್ಲ. "ಮುಂದಿನ ಬಜೆಟ್‌ನಿಂದ ಲಸಿಕೆಗೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇಡಬೇಕೋ ಬೇಡವೋ ಎಂದು ಹಣಕಾಸು ಸಚಿವಾಲಯ ತೀರ್ಮಾನಿಸುತ್ತದೆ" ಎಂದರೆ ಅದು ಉತ್ತರ. "ಯೂನಿಸೆಫ್ ಮೂಲಕ ಕೊಳ್ಳುವುದನ್ನು ಮುಂದುವರಿಸುವುದಾ, ನಾವೇ ಕೊಳ್ಳುವುದಾ ಎಂದು ಆರೋಗ್ಯ ಸಚಿವರು ತೀರ್ಮಾನಿಸುತ್ತಾರೆ" ಎಂದರೂ ಉತ್ತರವೇ. ತೀರ್ಮಾನ ಗೊತ್ತಾದರೆ ಯಾರನ್ನು ಭೇಟಿಯಾಗಬೇಕು, ಯಾವ ಕಾಗದ ಬೇಕು, ಎಷ್ಟು ದಿನ ಬೇಕು ಎಲ್ಲವೂ ತಾನಾಗಿಯೇ ಗೊತ್ತಾಗುತ್ತದೆ.

ಆಮೇಲೆ ವ್ಯಾಪ್ತಿ. ಎಲ್ಲ ಲಸಿಕೆಗಳನ್ನೂ ನೋಡಲು ಹೋಗಬೇಡಿ. ಕ್ಷಯ ತಡೆಯುವ ಬಿಸಿಜಿಯಂಥ ಹಳೆಯ, ಅಗ್ಗದ ಲಸಿಕೆ ಒಂದು. ನ್ಯುಮೋನಿಯಾ ತಡೆಯುವ ಪಿಸಿವಿಯಂಥ ದುಬಾರಿ ಲಸಿಕೆ ಒಂದು. ಇತ್ತೀಚೆಗೆ ಸೇರಿಸಿದ್ದು ಒಂದು. ಈ ಮೂರರ ಹಿಂದೆ ಬಿದ್ದರೆ ಇಡೀ ವ್ಯವಸ್ಥೆ ಕಾಣುತ್ತದೆ. ಹಳೆಯ ಲಸಿಕೆಯನ್ನು ಬಿಡಬೇಡಿ. ಅಗ್ಗ ಎಂದು ಯಾರೂ ಗಮನ ಕೊಡದ ಲಸಿಕೆಯೇ ಮೊದಲು ಖಾಲಿಯಾಗುವುದು. ಘಾನಾದಲ್ಲಿ ಆಗಿದ್ದು ಅದೇ.

ಘಾನಾದಲ್ಲಿ ಏನಾಯಿತು?

2023ರ ಮೊದಲ ತಿಂಗಳುಗಳಲ್ಲಿ ಘಾನಾದ ಆಸ್ಪತ್ರೆಗಳಲ್ಲಿ ಬಿಸಿಜಿ, ಬಾಯಿಗೆ ಹಾಕುವ ಪೋಲಿಯೊ ಹನಿ, ದಡಾರ-ರುಬೆಲ್ಲಾ ಲಸಿಕೆ ಸಿಗದೆ ಹೋದವು. ತಾಯಂದಿರು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದರು. ಉತ್ತರದ ಭಾಗದಲ್ಲಿ ದಡಾರ ಕಾಣಿಸಿಕೊಂಡಿತ್ತು. ಮಕ್ಕಳ ವೈದ್ಯರು ಬಹಿರಂಗವಾಗಿ ಎಚ್ಚರಿಸಿದರು. ಮಾರ್ಚ್‌ನಲ್ಲಿ ಹೊಸ ಸ್ಟಾಕ್ ಬಂತು.

ಗಮನಿಸಬೇಕಾದ್ದು ಇಲ್ಲಿದೆ. ಘಾನಾದಲ್ಲಿ ಖರೀದಿ ಕಾನೂನು ಇರಲಿಲ್ಲವಾ? ಇತ್ತು. ಸಾರ್ವಜನಿಕ ಖರೀದಿ ಕಾಯ್ದೆ 2003ರಲ್ಲೇ ಬಂದಿದೆ, 2016ರಲ್ಲಿ ತಿದ್ದುಪಡಿಯೂ ಆಗಿದೆ. ಔಷಧ ನಿಯಂತ್ರಣ ಸಂಸ್ಥೆ ದುರ್ಬಲವಾಗಿತ್ತಾ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದಕ್ಕೆ ನಾಲ್ಕರಲ್ಲಿ ಮೂರನೇ ಹಂತದ ಮಾನ್ಯತೆ ಕೊಟ್ಟಿತ್ತು. ಆಫ್ರಿಕಾದಲ್ಲಿ ಅಷ್ಟು ಬೇಗ ಆ ಮಟ್ಟ ಮುಟ್ಟಿದ ದೇಶಗಳು ಬಹಳ ಕಡಿಮೆ. ಲಸಿಕೆ ಹಾಕುವುದರಲ್ಲೂ ಘಾನಾಕ್ಕೆ ಒಳ್ಳೆಯ ಹೆಸರಿತ್ತು.

ಕೊರತೆ ಇದ್ದದ್ದು ಹಣದ ಸಮಯದಲ್ಲಿ. ಗಾವಿ ನೆರವು ಕೊಡುವುದು ಹೊಸ ಲಸಿಕೆಗಳಿಗೆ. ಬಿಸಿಜಿ, ಪೋಲಿಯೊ ಹನಿಯಂಥ ಹಳೆಯವನ್ನು ದೇಶ ತನ್ನ ಹಣದಲ್ಲೇ ಕೊಳ್ಳಬೇಕು. ಬಜೆಟ್ ಇರುವುದು ಘಾನಾದ ಕರೆನ್ಸಿ ಸೆಡಿಯಲ್ಲಿ, ಬಿಲ್ ಬರುವುದು ಡಾಲರಿನಲ್ಲಿ. 2022ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 6 ಸೆಡಿ ಇತ್ತು. ಅದೇ ವರ್ಷದ ನವೆಂಬರ್ ಹೊತ್ತಿಗೆ 13ರ ಆಸುಪಾಸಿಗೆ ಹೋಯಿತು. ಲೆಕ್ಕ ಹಾಕಿ ನೋಡಿ. 60 ಲಕ್ಷ ಸೆಡಿ ಎತ್ತಿಟ್ಟಿದ್ದರೆ ವರ್ಷದ ಮೊದಲಿಗೆ ಅದು 10 ಲಕ್ಷ ಡಾಲರ್. ನವೆಂಬರ್‌ನಲ್ಲಿ ಸುಮಾರು 4 ಲಕ್ಷ 60 ಸಾವಿರ. ಮಕ್ಕಳ ಸಂಖ್ಯೆ ಮಾತ್ರ ಅಷ್ಟೇ ಇತ್ತು. ಡಿಸೆಂಬರ್‌ನಲ್ಲಿ ಸರ್ಕಾರ ಹೆಚ್ಚಿನ ವಿದೇಶಿ ಸಾಲಗಳ ಮರುಪಾವತಿಯನ್ನೇ ನಿಲ್ಲಿಸಿತು. ಕರೆನ್ಸಿ ಕುಸಿದದ್ದೇ ಕೊರತೆಗೆ ಕಾರಣ ಎಂದು ಆರೋಗ್ಯ ಸಚಿವಾಲಯವೂ ಹೇಳಿತು.

ಆ ವರ್ಷ ಬರೀ ಖರೀದಿ ಕಾನೂನು, ಟೆಂಡರ್ ನಿಯಮ ನೋಡಿ ಬಂದ ತಂಡಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಅದಕ್ಕೇ ನಾನು ಪ್ರತಿ ಸಲ ಹೇಳುವುದು: ಹಣ ಯಾವ ತಾರೀಖಿಗೆ ಎಲ್ಲಿತ್ತು ಎಂದು ಕೇಳಿ.

ಹಣ ಇದೆ, ಆದರೂ ಆರ್ಡರ್ ತಡವಾಗುತ್ತದೆ. ಯಾಕೆ?

ಇದು ಬಹಳ ದೇಶಗಳಲ್ಲಿ ಕಾಣುವ ತೊಡಕು. ಯೂನಿಸೆಫ್‌ನ ಖರೀದಿ ವಿಭಾಗ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿದೆ. ವಿಶ್ವದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 45%ರಷ್ಟು ಮಕ್ಕಳಿಗೆ ಲಸಿಕೆ ಕೊಳ್ಳುವುದು ಅದೇ. ಆದರೆ ದೇಶ ತನ್ನ ಹಣದಲ್ಲಿ ಅದರ ಮೂಲಕ ಕೊಳ್ಳಬೇಕಾದರೆ ಹಣ ಮುಂಗಡವಾಗಿ ಬರಬೇಕು. ಹಣ ಬಂದ ಮೇಲೆ ಆರ್ಡರ್. ಇತ್ತ ಹಲವು ದೇಶಗಳ ಹಣಕಾಸು ನಿಯಮ ಹೇಳುವುದು ತದ್ವಿರುದ್ಧ: ಸರಕು ಕೈಗೆ ಬಂದ ಮೇಲೇ ಪಾವತಿ. ಎರಡೂ ನಿಯಮ ಅವುಗಳ ಮಟ್ಟಿಗೆ ಸರಿ. ನಡುವೆ ಸಿಕ್ಕಿಕೊಳ್ಳುವುದು ಲಸಿಕೆ ವಿಭಾಗದ ಒಬ್ಬ ಅಧಿಕಾರಿ. ವಿನಾಯಿತಿ ಕೋರಿ ಅವರು ಪ್ರತಿ ವರ್ಷ ಪತ್ರ ಬರೆಯುತ್ತಾರೆ. ಪತ್ರ ಮೇಜಿಂದ ಮೇಜಿಗೆ ಹೋಗುತ್ತದೆ.

ಈ ಗಂಟು ಬಿಡಿಸಲೆಂದೇ ಯೂನಿಸೆಫ್ 1991ರಲ್ಲಿ ಒಂದು ನಿಧಿ ಶುರು ಮಾಡಿತು. ದೇಶದ ಹಣ ಬರುವ ಮುಂಚೆಯೇ ಅದರಿಂದ ಆರ್ಡರ್ ಕಳಿಸಬಹುದು, ದೇಶ ಆಮೇಲೆ ಕಟ್ಟಬಹುದು. ಅಮೆರಿಕ ಖಂಡದ ದೇಶಗಳಿಗೆ 1979ರಿಂದಲೂ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆಯ ಸುತ್ತುನಿಧಿ ಇದೆ. ಅಲ್ಲಿ ಪಾವತಿಗೆ 60 ದಿನದ ಗಡುವು ಸಿಗುತ್ತದೆ. ನೀವು ಹೋಗುವ ದೇಶ ಇಂಥ ನಿಧಿಯಲ್ಲಿ ಇದೆಯಾ, ಇದ್ದೂ ಬಳಸುತ್ತಿಲ್ಲವಾ, ಬಳಸಲು ಅಲ್ಲಿನ ಕಾನೂನು ಬಿಡುತ್ತದಾ? ಈ ಮೂರು ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು.

ಜೊತೆಗೆ ಆರ್ಥಿಕ ವರ್ಷ ನೋಡಿ. ಭಾರತದಲ್ಲಿ ಏಪ್ರಿಲ್‌ಗೆ ಶುರು, ಕೀನ್ಯಾದಲ್ಲಿ ಜುಲೈಗೆ, ಘಾನಾದಲ್ಲಿ ಜನವರಿಗೆ. ವರ್ಷದ ಮೊದಲ ತಿಂಗಳುಗಳಲ್ಲಿ ಹಣ ಬಿಡುಗಡೆ ಆಗುವುದು ಸಾಮಾನ್ಯವಾಗಿ ನಿಧಾನ. ಆ ತಿಂಗಳುಗಳಿಗೆ ಬೇಕಾದ ಸ್ಟಾಕ್ ಹಿಂದಿನ ವರ್ಷದ ಹಣದಲ್ಲೇ ಬಂದು ಕೂತಿರಬೇಕು. ಬಂದಿದೆಯಾ?

ಸಿದ್ಧ ಪ್ರಶ್ನಾವಳಿಗಳು ಇಲ್ಲವಾ? ನಾವೇ ಮಾಡಬೇಕಾ?

ಇವೆ, ಬಳಸಿ. ಆದರೆ ಯಾವುದು ಏನನ್ನು ಅಳೆಯುತ್ತದೆ ಎಂದು ತಿಳಿದಿರಲಿ. ದೇಶದ ಒಟ್ಟು ಸರ್ಕಾರಿ ಖರೀದಿಯನ್ನು ಅಳೆಯಲು ಮ್ಯಾಪ್ಸ್ ಎಂಬ ವಿಧಾನ ಇದೆ. ನಾಲ್ಕು ಕಂಬ, 14 ಸೂಚಕ, 55 ಉಪಸೂಚಕ. ಅದು ರಸ್ತೆ ಕಾಮಗಾರಿಗೂ ಒಂದೇ, ಲಸಿಕೆಗೂ ಒಂದೇ. ಔಷಧ ನಿಯಂತ್ರಣ ಸಂಸ್ಥೆಯನ್ನು ಒಂದರಿಂದ ನಾಲ್ಕರವರೆಗೆ ಹಂತ ಕೊಟ್ಟು ಅಳೆಯುವ ಸಾಧನ ವಿಶ್ವ ಆರೋಗ್ಯ ಸಂಸ್ಥೆಯದು. ಉಗ್ರಾಣ, ಫ್ರಿಜ್, ಕೋಲ್ಡ್ ಚೈನ್ ನೋಡಲು ಇವಿಎಂ ಎಂಬ ಲಸಿಕೆ ನಿರ್ವಹಣೆಯ ಪರಿಶೀಲನೆ (ಮತಯಂತ್ರವಲ್ಲ) ಇದೆ. ಈ ವರದಿಗಳು ಆಗಲೇ ಬಂದಿದ್ದರೆ ಮೊದಲು ಓದಿ. ಅವರು ಕೇಳಿದ್ದನ್ನೇ ನೀವು ಮತ್ತೆ ಕೇಳಿದರೆ ಅಲ್ಲಿನವರಿಗೆ ಬೇಸರ ಬರುತ್ತದೆ, ಬರಬೇಕಾದ್ದೇ. ಈ ಮೂರರ ನಡುವೆ ಬಿಟ್ಟುಹೋಗುವ ಜಾಗವೇ ನಿಮ್ಮದು. ಲೆಕ್ಕ ಹಾಕಿದ್ದು ಬಜೆಟ್ ಆಗುವುದು, ಬಜೆಟ್ ಹಣವಾಗುವುದು, ಹಣ ಆರ್ಡರ್ ಆಗುವುದು.

ಬೇಡಿಕೆ ಲೆಕ್ಕ ಸರಿ ಇದೆಯಾ ಎಂದು ಹೇಗೆ ತಿಳಿಯುವುದು?

ಕೂತು ನೀವೇ ಲೆಕ್ಕ ಹಾಕಿ. ಬೇರೆ ದಾರಿ ಇಲ್ಲ.

ಮಕ್ಕಳ ಸಂಖ್ಯೆ, ಪ್ರತಿ ಮಗುವಿಗೆ ಎಷ್ಟು ಡೋಸ್, ಎಷ್ಟು ಶೇಕಡ ಮಕ್ಕಳನ್ನು ತಲುಪುತ್ತೇವೆ, ಎಷ್ಟು ಲಸಿಕೆ ವ್ಯರ್ಥವಾಗುತ್ತದೆ. ಈ ನಾಲ್ಕರ ಗುಣಾಕಾರ. ಒಂದು ಲಕ್ಷ ಶಿಶುಗಳಿದ್ದಾರೆ ಎಂದುಕೊಳ್ಳಿ. ಐದು ರೋಗ ತಡೆಯುವ ಪೆಂಟಾ ಲಸಿಕೆ ಮೂರು ಡೋಸ್, ತಲುಪುವುದು 90%, ವ್ಯರ್ಥ 10%. ವ್ಯರ್ಥದ ಗುಣಕ ಎಂದರೆ ನೂರನ್ನು ತೊಂಬತ್ತರಿಂದ ಭಾಗಿಸಿದ್ದು, 1.11. ಒಟ್ಟು ಸುಮಾರು 3 ಲಕ್ಷ ಡೋಸ್. ಇದರ ಮೇಲೆ ಮೀಸಲು ಸ್ಟಾಕ್ ಸೇರಿಸಿ, ಕೈಯಲ್ಲಿರುವುದನ್ನು ಕಳೆಯಬೇಕು.

ಈಗ ಬಿಸಿಜಿ. ಒಂದೇ ಡೋಸ್, ತಲುಪುವುದು 95%. ಅಂದರೆ 95,000 ಮಕ್ಕಳು. ಆದರೆ ಬಿಸಿಜಿ ಬರುವುದು 10 ಅಥವಾ 20 ಡೋಸಿನ ವಯಲ್‌ನಲ್ಲಿ. ಒಮ್ಮೆ ದ್ರಾವಣದಲ್ಲಿ ಕಲಸಿದ ಮೇಲೆ ಹೆಚ್ಚೆಂದರೆ ಆರು ಗಂಟೆ, ಆಮೇಲೆ ಚೆಲ್ಲಬೇಕು. ಸಣ್ಣ ಊರಿನ ಉಪಕೇಂದ್ರಕ್ಕೆ ಆ ದಿನ ನಾಲ್ಕೇ ಕೂಸು ಬಂದರೂ ವಯಲ್ ಒಡೆಯಲೇಬೇಕು. ಹಾಗಾಗಿ ಅರ್ಧದಷ್ಟು ವ್ಯರ್ಥವಾಗುವುದು ಸಹಜ. ಗುಣಕ 2. ಬೇಕಾದ್ದು 1,90,000 ಡೋಸ್. ಕಚೇರಿಯಲ್ಲಿ ಕೂತವರು ಪೆಂಟಾದ ಗುಣಕವನ್ನೇ ಬಿಸಿಜಿಗೂ ಹಾಕಿದರೆ ಬರುವುದು 1,05,450. ಸುಮಾರು 84,500 ಡೋಸ್ ಕಡಿಮೆ. ಅರ್ಧ ವ್ಯರ್ಥವಾಗುವುದರಿಂದ ಸುಮಾರು 42,000 ಮಕ್ಕಳು ಆ ಒಂದು ಕಾಲಂನಲ್ಲಿ ಕಳೆದುಹೋದರು ಎಂದೇ ಇಟ್ಟುಕೊಳ್ಳಿ.

ಇನ್ನೊಂದು ಅಪಾಯವೂ ಇದೆ. ಮೇಲಿನಿಂದ "ವ್ಯರ್ಥ ಕಡಿಮೆ ಮಾಡಿ" ಎಂದು ಒತ್ತಡ ಬಂದಾಗ ನರ್ಸ್ ಹತ್ತು ಮಕ್ಕಳು ಸೇರುವ ತನಕ ವಯಲ್ ಒಡೆಯುವುದಿಲ್ಲ. ಬಂದ ಮೂವರನ್ನು ವಾಪಸ್ ಕಳಿಸುತ್ತಾರೆ. ಅವರಲ್ಲಿ ಎಷ್ಟು ಮಂದಿ ಮತ್ತೆ ಬರುತ್ತಾರೆ? ವ್ಯರ್ಥದ ಅಂಕಿ ತೀರಾ ಚೆನ್ನಾಗಿ ಕಂಡ ಜಿಲ್ಲೆಗೆ ಒಮ್ಮೆ ಹೋಗಿ ಬನ್ನಿ ಎನ್ನುವುದು ಇದಕ್ಕೇ.

ಹೊರಡುವ ಮುಂಚೆ ಯಾವ ಕಾಗದ ತರಿಸಿಕೊಳ್ಳಬೇಕು?

ಕಡಿಮೆ ಕೇಳಿ, ಆದರೆ ಖಚಿತವಾಗಿ ಕೇಳಿ. ಕಳೆದ ಮೂರು ವರ್ಷದ ಬೇಡಿಕೆ ಲೆಕ್ಕ, ಮಂಜೂರಾದ ಬಜೆಟ್, ನಿಜವಾಗಿ ಬಿಡುಗಡೆಯಾದ ಹಣ, ಬಂದ ಡೋಸ್‌ಗಳು, ಕೇಂದ್ರ ಉಗ್ರಾಣದ ತಿಂಗಳವಾರು ಸ್ಟಾಕ್. ಇವನ್ನು ಅಕ್ಕಪಕ್ಕ ಇಟ್ಟರೆ ಅರ್ಧ ಕಥೆ ವಿಮಾನ ಹತ್ತುವ ಮುಂಚೆಯೇ ಗೊತ್ತಾಗುತ್ತದೆ.

ಉಳಿದರ್ಧಕ್ಕೆ ಮೂರು ಖರೀದಿಗಳ ಪೂರ್ತಿ ಫೈಲ್ ಬೇಕು. ಸುಸೂತ್ರವಾಗಿ ಆದದ್ದು ಒಂದು, ತಡವಾದದ್ದು ಒಂದು, ತುರ್ತಾಗಿ ತರಿಸಿದ್ದು ಒಂದು. ಪ್ರತಿ ಫೈಲಿನಿಂದ ತಾರೀಖುಗಳನ್ನು ಮಾತ್ರ ಎತ್ತಿ ಬರೆಯಿರಿ. ಬೇಡಿಕೆ ಸಹಿಯಾದ ದಿನ, ಹಣಕಾಸು ಇಲಾಖೆಗೆ ಹೋದ ದಿನ, ವಾಪಸ್ ಬಂದ ದಿನ, ಹಣ ಹೋದ ದಿನ, ಆರ್ಡರ್ ದಿನ, ವಿಮಾನ ಇಳಿದ ದಿನ, ಕಸ್ಟಮ್ಸ್ ಬಿಟ್ಟ ದಿನ, ಉಗ್ರಾಣ ಸೇರಿದ ದಿನ. ಎರಡು ತಾರೀಖಿನ ನಡುವೆ ಎಲ್ಲಿ ಅಂತರ ಜಾಸ್ತಿ ಇದೆಯೋ ಅಲ್ಲಿ ನಿಮ್ಮ ಕೆಲಸ ಇದೆ. ನನ್ನ ಅನುಭವದಲ್ಲಿ ಇಡೀ ಪರಿಶೀಲನೆಯಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಕಾಗದ ಬೇರೆ ಇಲ್ಲ.

ತಂಡದಲ್ಲಿ ಯಾರಿರಬೇಕು?

ಸರ್ಕಾರಿ ಖರೀದಿ ಬಲ್ಲವರು, ಲಸಿಕೆ ಕಾರ್ಯಕ್ರಮ ಬಲ್ಲವರು, ಔಷಧ ನಿಯಂತ್ರಣ ಬಲ್ಲವರು. ಇವರನ್ನು ಎಲ್ಲರೂ ಸೇರಿಸುತ್ತಾರೆ. ಬಿಟ್ಟುಹೋಗುವುದು ಸರ್ಕಾರಿ ಬಜೆಟ್ ಬಲ್ಲವರು. ಖಜಾನೆಯಿಂದ ಹಣ ಹೇಗೆ ಹೊರಬರುತ್ತದೆ ಎಂದು ತಿಳಿದ ಒಬ್ಬರಾದರೂ ಇರಬೇಕು. ಜೊತೆಗೆ ಆ ದೇಶದವರೇ ಆದ ಒಬ್ಬರು ತಂಡದ ಸಹನಾಯಕರಾಗಿರಬೇಕು. ಅವರನ್ನು ಬರೀ ದುಭಾಷಿಯಂತೆ ನಡೆಸಿಕೊಳ್ಳಬೇಡಿ. ನೀವು ಬಂದುಬಿಡುತ್ತೀರಿ, ಕೆಲಸ ಮುಂದುವರಿಸುವುದು ಅವರು.

ಎಷ್ಟು ದಿನ ಬೇಕು? ಯಾವಾಗ ಹೋಗಬೇಕು?

ಅಲ್ಲಿ ಕಳೆಯುವುದು ಎರಡು ವಾರ ಆದರೂ ತಯಾರಿಗೆ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಬಜೆಟ್ ಮಂಡನೆಯ ಹೊತ್ತಿಗೆ ಹೋಗಬೇಡಿ. ನಾನಿದ್ದ ಒಂದು ತಂಡ ಆರ್ಥಿಕ ವರ್ಷದ ಕೊನೆಯ ವಾರದಲ್ಲಿ ಹೋಗಿತ್ತು. ಹಣಕಾಸಿನ ಕಡೆಯ ಒಬ್ಬರೂ ಸಿಗಲಿಲ್ಲ. ಬೇಕಾದ್ದೇ ಅವರ ಉತ್ತರಗಳು, ಅವೇ ಇಲ್ಲದೆ ವರದಿ ಬರೆಯಬೇಕಾಯಿತು. ಆ ವರದಿಯ ಬಗ್ಗೆ ನನಗೆ ಇವತ್ತಿಗೂ ಸಮಾಧಾನವಿಲ್ಲ.

ಸರಿಯಾದ ಸಮಯ ಎಂದರೆ ಮುಂದಿನ ಬಜೆಟ್ ಪ್ರಸ್ತಾವ ಬರೆಯಲು ನಾಲ್ಕೈದು ತಿಂಗಳಿರುವಾಗ. ಆಗ ನೀವು ಹೇಳಿದ್ದು ಆ ಪ್ರಸ್ತಾವದೊಳಗೆ ಹೋಗಲು ಸಾಧ್ಯ.

ರಾಜಧಾನಿಯಲ್ಲೇ ಕೂತಿರಬೇಡಿ. ಎರಡು ಜಿಲ್ಲೆ, ನಾಲ್ಕು ಆರೋಗ್ಯ ಕೇಂದ್ರ ನೋಡಿ. ಲಸಿಕೆ ಹಾಕುವ ದಿನವೇ ಹೋಗಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಗುರುವಾರ ಇದ್ದ ಹಾಗೆ ಅಲ್ಲೂ ಒಂದು ದಿನ ಇರುತ್ತದೆ.

ಬೆಲೆ ಜಾಸ್ತಿ ಕೊಡುತ್ತಿದ್ದಾರಾ ಎಂದು ಹೇಗೆ ತಿಳಿಯುವುದು?

ಎಚ್ಚರಿಕೆಯಿಂದ ಹೋಲಿಸಬೇಕು. ಲಸಿಕೆಗೆ ಒಂದೇ ವಿಶ್ವಬೆಲೆ ಇಲ್ಲ. 2013ರಲ್ಲಿ ಗಾವಿ ದೇಶಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಡೋಸಿಗೆ 4.50 ಡಾಲರಿಗೆ ಸಿಕ್ಕಿತು. ಶ್ರೀಮಂತ ದೇಶಗಳು ಅದಕ್ಕೇ ನೂರಕ್ಕೂ ಹೆಚ್ಚು ಡಾಲರ್ ಕೊಡುತ್ತಿದ್ದವು. ಮಧ್ಯಮ ಆದಾಯದ ದೇಶಗಳು ಇವೆರಡರ ನಡುವೆ ಎಲ್ಲೋ ಸಿಕ್ಕಿಬೀಳುತ್ತವೆ. ದೇಶಗಳು ತಾವು ಕೊಟ್ಟ ಬೆಲೆಯನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸುತ್ತವೆ, ಆ ಮಾಹಿತಿ ಎಲ್ಲರಿಗೂ ಸಿಗುತ್ತದೆ. ಅದೇ ಲಸಿಕೆ, ಅದೇ ಗಾತ್ರದ ವಯಲ್, ಹತ್ತಿರದ ಆದಾಯದ ದೇಶ. ಈ ಮೂರೂ ಹೊಂದಿದರೆ ಮಾತ್ರ ಹೋಲಿಸಿ. ಸಾಗಣೆ, ವಿಮೆ, ತೆರಿಗೆ, ಸೇವಾಶುಲ್ಕ ಸೇರಿದೆಯಾ ಇಲ್ಲವಾ ನೋಡಿ.

ಕಡಿಮೆ ಬೆಲೆಯ ಹಿಂದೆಯೇ ಓಡುವುದೂ ಒಳ್ಳೆಯದಲ್ಲ. ಎರಡು ರೂಪಾಯಿ ಅಗ್ಗ ಎಂದು ವಿಶ್ವ ಆರೋಗ್ಯ ಸಂಸ್ಥೆ ಗುಣಮಟ್ಟ ನೋಡಿ ಕೊಡುವ ಪೂರ್ವ ಅರ್ಹತೆ ಇಲ್ಲದ, ದೇಶದ ನಿಯಂತ್ರಕರೂ ಸರಿಯಾಗಿ ಪರೀಕ್ಷಿಸಲಾಗದ ಲಸಿಕೆ ತಂದರೆ ಜನರ ನಂಬಿಕೆ ಹೋಗುತ್ತದೆ.

ನಮ್ಮ ರಾಜ್ಯಕ್ಕೆ ಇದರಲ್ಲಿ ಏನಾದರೂ ಪಾಠ ಇದೆಯಾ?

ಇದೆ. ಭಾರತದಲ್ಲಿ ಮಕ್ಕಳ ಲಸಿಕೆಯನ್ನು ಕೊಳ್ಳುವುದು ಕೇಂದ್ರ ಸರ್ಕಾರ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ವರ್ಷಕ್ಕೆ ಎರಡೂವರೆ ಕೋಟಿಗೂ ಹೆಚ್ಚು ಶಿಶುಗಳಿಗೆ ಒಟ್ಟಾಗಿ ಕೊಳ್ಳುವುದರಿಂದ ಬೆಲೆ ಕಡಿಮೆ. ರಾಜ್ಯಗಳು ಪಡೆದು, ಕಾಪಾಡಿ, ಹಂಚುತ್ತವೆ.

2021ರ ಮೇ 1ರಿಂದ ಕೊರೊನಾ ಲಸಿಕೆಗೆ ಈ ಕ್ರಮ ಬದಲಾಯಿತು. ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ನೇರವಾಗಿ ಕೊಳ್ಳಬೇಕಾಯಿತು. ಕೋವಿಶೀಲ್ಡ್ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ 300, ಖಾಸಗಿಗೆ 600. ಒಂದೇ ಲಸಿಕೆ, ಮೂರು ಬೆಲೆ. ಅದೇ ತಿಂಗಳು ಕರ್ನಾಟಕ 2 ಕೋಟಿ ಡೋಸ್‌ಗೆ ಜಾಗತಿಕ ಟೆಂಡರ್ ಕರೆಯಿತು. ಬೇರೆ ಹಲವು ರಾಜ್ಯಗಳೂ ಕರೆದವು. ವಿದೇಶಿ ತಯಾರಕರು ಕೇಂದ್ರದ ಜೊತೆಗೆ ಮಾತ್ರ ವ್ಯವಹರಿಸುತ್ತೇವೆ ಎಂದರು. ನಮ್ಮ ಟೆಂಡರ್ ಒಂದು ಡೋಸನ್ನೂ ತರದೆ ಮುಗಿಯಿತು. ಜೂನ್ 21ರಿಂದ ಕೇಂದ್ರವೇ 75% ಕೊಳ್ಳುವ ಪದ್ಧತಿ ಬಂತು.

ಆ ದಿನಗಳಲ್ಲಿ ಲಸಿಕೆಗಾಗಿ ಬೆಳಗಿನ ಜಾವ ಸಾಲು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಮಾಲೇ ಇಲ್ಲದಾಗ ಟೆಂಡರ್ ಎಷ್ಟು ಚೆನ್ನಾಗಿ ಬರೆದರೂ ಫಲವಿಲ್ಲ. ಪರಿಶೀಲನೆಗೆ ಹೋದಾಗ ಕೇಳಲೇಬೇಕಾದ್ದು: ಈ ದೇಶ ಕೊಳ್ಳುವ ಗಾತ್ರಕ್ಕೆ, ಈ ನಿಯಮಗಳಿಗೆ, ಮಾರುವವರು ಎಷ್ಟು ಮಂದಿ ಇದ್ದಾರೆ? ಮೂರು ಬಿಡ್ ಬರದಿದ್ದರೆ ಟೆಂಡರ್ ರದ್ದು ಎನ್ನುವ ನಿಯಮ ಕುರ್ಚಿ ಕೊಳ್ಳುವಾಗ ಸರಿ. ವಿಶ್ವದಲ್ಲೇ ಇಬ್ಬರು ತಯಾರಕರಿರುವ ಲಸಿಕೆಗೆ ಅದನ್ನೇ ಹಾಕಿದರೆ?

ದೇಶದೊಳಗೇ ಲಸಿಕೆ ತಯಾರಾಗುತ್ತಿದ್ದರೆ ಚಿಂತೆ ಇಲ್ಲ ಅಲ್ವಾ?

ಚಿಂತೆ ಬೇರೆ ಥರದ್ದು. 2008ರ ಜನವರಿಯಲ್ಲಿ ಕಸೌಲಿ, ಕೂನೂರು, ಚೆನ್ನೈನ ಗಿಂಡಿ, ಈ ಮೂರೂ ಕಡೆಯ ಸರ್ಕಾರಿ ಲಸಿಕೆ ಘಟಕಗಳ ಪರವಾನಗಿಯನ್ನು ಒಟ್ಟಿಗೆ ಅಮಾನತು ಮಾಡಲಾಯಿತು. ಉತ್ಪಾದನೆಯ ಗುಣಮಟ್ಟದ ನಿಯಮಕ್ಕೆ ಅವು ತಕ್ಕುದಾಗಿಲ್ಲ ಎಂಬುದು ಕಾರಣ. 2010ರಲ್ಲಿ ಅಮಾನತು ತೆರವಾಯಿತು. ನಡುವೆ ದೇಶ ಖಾಸಗಿ ಪೂರೈಕೆಯನ್ನೇ ನೆಚ್ಚಬೇಕಾಯಿತು, ಹಲವೆಡೆ ಕೊರತೆಯೂ ಕಂಡಿತು. ಗುಣಮಟ್ಟದಲ್ಲಿ ರಾಜಿ ಬೇಡ, ನಿಜ. ಆದರೆ ಬದಲಿ ವ್ಯವಸ್ಥೆ ಮೊದಲೇ ಸಿದ್ಧ ಇರಬೇಕಿತ್ತು. ಸ್ಥಳೀಯ ತಯಾರಕರಿರುವ ದೇಶದಲ್ಲಿ "ಇವರು ಆರು ತಿಂಗಳು ನಿಂತರೆ ಏನು ಮಾಡುತ್ತೀರಿ?" ಎಂದು ಕೇಳಿ. ಕೆಲವು ಲಸಿಕೆಗಳ ಒಂದು ಬ್ಯಾಚ್ ತಯಾರಾಗಿ ಪರೀಕ್ಷೆ ಮುಗಿಯಲು ಒಂದೆರಡು ವರ್ಷವೇ ಹಿಡಿಯುತ್ತದೆ. ಕೇಳಿದ ತಕ್ಷಣ ಬೇರೆಯವರೂ ಕೊಡಲಾರರು.

ಅಧಿಕಾರಿಗಳ ಜೊತೆ ಹೇಗೆ ಮಾತಾಡಬೇಕು?

"ನಿಮ್ಮಲ್ಲಿ ಕಾರ್ಯವಿಧಾನ ಇದೆಯಾ?" ಎಂದರೆ "ಇದೆ" ಎನ್ನುತ್ತಾರೆ, ಮಾತು ಮುಗಿಯಿತು. "ಕಳೆದ ಸಲ ಈ ಆರ್ಡರ್ ಕಳಿಸಿದಾಗ ನಿಮ್ಮ ಮೇಜಿಗೆ ಫೈಲ್ ಯಾವಾಗ ಬಂತು?" ಎಂದು ಕೇಳಿ. ಹಿರಿಯರ ಮುಂದೆ ಕಿರಿಯರು ಬಾಯಿ ಬಿಡುವುದಿಲ್ಲ, ಅದು ಎಲ್ಲ ಕಡೆಯೂ ಹಾಗೇ. ಉಗ್ರಾಣ ನೋಡಿಕೊಳ್ಳುವವರ ಜೊತೆ ಉಗ್ರಾಣದಲ್ಲೇ, ಸ್ಟಾಕ್ ಪುಸ್ತಕ ಮುಂದಿಟ್ಟುಕೊಂಡು ಮಾತಾಡಿ. ಅವರ ಬಳಿ ಇರುವಷ್ಟು ನಿಜ ಸಭಾಂಗಣದಲ್ಲಿ ಸಿಗುವುದಿಲ್ಲ.

ಅಕ್ರಮ ಕಣ್ಣಿಗೆ ಬಿದ್ದರೆ?

ನೀವೇ ತನಿಖೆಗೆ ಇಳಿಯಬೇಡಿ, ಮುಚ್ಚಿಯೂ ಹಾಕಬೇಡಿ. ಯಾರಿಗೆ, ಯಾವ ದಾರಿಯಲ್ಲಿ ತಿಳಿಸಬೇಕು ಎಂದು ಹೊರಡುವ ಮುಂಚೆಯೇ ಬರಹದಲ್ಲಿ ಒಪ್ಪಿಕೊಂಡಿರಿ. ತಂಡದಲ್ಲಿ ಯಾರಿಗಾದರೂ ಲಸಿಕೆ ಕಂಪನಿಯ ಜೊತೆ ಹಣಕಾಸಿನ ನಂಟಿದ್ದರೆ ಅದನ್ನೂ ಮೊದಲೇ ಹೇಳಿಸಿ.

ವರದಿ ಹೇಗಿರಬೇಕು?

ಚಿಕ್ಕದಾಗಿರಬೇಕು. ಐವತ್ತು ಶಿಫಾರಸು ಕೊಟ್ಟರೆ ಯಾರೂ ಒಂದನ್ನೂ ಮಾಡುವುದಿಲ್ಲ. ಐದಾರು ಕೊಡಿ. ಪ್ರತಿಯೊಂದರ ಎದುರು ಯಾರ ಕೆಲಸ, ಯಾವ ತಾರೀಖಿನೊಳಗೆ, ಎಷ್ಟು ಖರ್ಚು, ಕಾನೂನು ತಿದ್ದಬೇಕಾ ಬೇಡವಾ ಎಂದು ಬರೆಯಿರಿ. ಕರಡನ್ನು ದೇಶ ಬಿಡುವ ಮುಂಚೆಯೇ ಅಲ್ಲಿನವರಿಗೆ ಓದಿ ಹೇಳಿ. ತಪ್ಪಿದ್ದರೆ ಅವರು ತಿದ್ದುತ್ತಾರೆ, ಒಪ್ಪಿದರೆ ಅದು ಅವರದೇ ಆಗುತ್ತದೆ. ಹಣಕಾಸು ಸಚಿವಾಲಯದವರು ಆ ಸಭೆಗೆ ಬರಲೇಬೇಕು. ಅವರಿಗೆ ಆಗದಿದ್ದರೆ ಸಭೆಯ ದಿನ ಬದಲಿಸಿ.

ಆರು ತಿಂಗಳ ನಂತರ ಒಂದು ಫೋನ್ ಮಾಡಲು ಯಾರಾದರೂ ಒಬ್ಬರ ಹೆಸರು ಯೋಜನೆಯಲ್ಲೇ ಬರೆದಿರಲಿ. ಆಗ ಕೇಳಬೇಕಾದ್ದು ಇಷ್ಟೇ: ಈ ವರ್ಷದ ಆರ್ಡರ್‌ಗೆ ಹಣ ಯಾವ ತಾರೀಖಿಗೆ ಹೋಯಿತು, ಮತ್ತು ಈಗ ಕೇಂದ್ರ ಉಗ್ರಾಣದಲ್ಲಿ ಎಷ್ಟು ತಿಂಗಳ ಬಿಸಿಜಿ ಇದೆ.